ನೆಲ ಡೊಂಕು

ಎಟೆರಿಯ ಲಂಗದ ಅಂಚು, ಆಮೇಲೆ ಅವಳ ಹುಡುಗಿಯರದು,
ಮೂವತ್ತೊಂದು ವರ್ಷ ಹೊಲಿದವಳು ನಾನು.
ನೆಲಕ್ಕೂ ಅಂಚಿಗೂ ನಡುವೆ ಒಂದು ಗೋಧಿಕಾಳಿನ ಸಂದು,
ಅಷ್ಟೇ. ಹೆಚ್ಚಾದರೆ ಪಾದ ಕಾಣುತ್ತದೆ,
ಕಡಿಮೆಯಾದರೆ ಎಡವಿ ಬೀಳುತ್ತಾಳೆ.
ನಮ್ಮ ಕಡೆ ಹೆಣ್ಣು ಕುಣಿಯುವುದೆಂದರೆ ಹಾಗೆ:
ಮೇಲೆ ಹಂಸ,
ಕೆಳಗಿನ ಪಾಡು ಯಾರಿಗೂ ಗೊತ್ತಾಗಬಾರದು.

ಗಂಡಸರು ಮೊಣಕಾಲ ಮೇಲೆ ಧಪ್ಪನೆ ಬಿದ್ದು
ಬುಗುರಿಯಾಗುವಾಗ ಚಪ್ಪಾಳೆಯೆಲ್ಲ ಅವರಿಗೆ.
ಇವಳು ಗಾಲಿ ಕಟ್ಟಿಕೊಂಡವಳ ಹಾಗೆ
ಈ ತುದಿಯಿಂದ ಆ ತುದಿಗೆ ಹರಿದುಬಿಡುವಳು,
ತಲೆಯ ಮೇಲೆ ತುಂಬಿದ ಲೋಟ ಇಟ್ಟರೂ ತುಳುಕದು.

ಆಮೇಲೆ ಸೊಂಟ ಹೋಯಿತು.
ರುಸ್ತಾವಿಯ ಉಕ್ಕಿನ ಕಾರ್ಖಾನೆಯ ಹಿಂದೆ, ಕರೆಂಟಿಲ್ಲದ ಭವನದಲ್ಲಿ
ಹದಿನಾರು ಹುಡುಗಿಯರು, ಒಂದು ಸೀಮೆಎಣ್ಣೆ ಒಲೆ.
ಮದುವೆಗೆ, ಮಂತ್ರಿಗೆ, ಟೀವಿಯ ಹೊಸವರ್ಷಕ್ಕೆ ಹೆಜ್ಜೆ ಕೂಡಿಸಿದಳು.
ಐವತ್ತೆರಡಕ್ಕೆ ಬಂದು ನನ್ನ ಮೆಷಿನ್ನಿನ ಪಕ್ಕ ಕೂತು
ಸೂಜಿಡಬ್ಬಿ ಆಡಿಸುತ್ತ, "ದೋದೋ, ಸಿನಿಮಾ ಮಾಡ್ತೀನಿ."
"ಸಿನಿಮಾದಲ್ಲಿ ಕುಣೀತೀಯಾ?"
"ಇಲ್ಲ. ಕುಣಿಸ್ತೀನಿ ಅಂತಲೂ ಅಲ್ಲ. ಮಾಡ್ತೀನಿ."
ನಾನು ದಾರ ಕಚ್ಚಿದೆ. ಏನು ಹೇಳಲಿ?

ತ್ಬಿಲಿಸಿಯಲ್ಲಿ, ಸೊಲೊಲಾಕಿಯ ಒಂದು ಮುದಿಮನೆ.
ಮರದ ಜಗಲಿ ಅಂಗಳದ ಕಡೆ ಕುಡಿದವನ ಹಾಗೆ ವಾಲಿದೆ.
ಕ್ಯಾಮೆರಾ ಗಾಡಿಗೆ ಹಳಿ ಹಾಸಿದರು.
ಗೋಚಾ, ನಲವತ್ತು ಚಿತ್ರ ತೆಗೆದವನು, ಬಾಯಲ್ಲಿ ಸೂರ್ಯಕಾಂತಿ ಬೀಜ,
"ಶುರು ಮಾಡೋಣವಾ, ಅಮ್ಮಾವ್ರೇ?"
ಆ 'ಅಮ್ಮಾವ್ರೇ'ಗೆ ಒಂದು ಚಿಟಿಕೆ ಉಪ್ಪು ಹೆಚ್ಚಾಗಿತ್ತು.
ಎಟೆರಿ ಚಪ್ಪಲಿ ಬಿಟ್ಟು ಹಳಿಗಳ ನಡುವೆ ಒಂದು ಸಲ ನಡೆದಳು.
"ನೆಲ ಡೊಂಕು," ಅಂದಳು.

ಹುಡುಗರೆಲ್ಲ ಗೊಳ್ಳೆಂದರು. ನಗದೆ ಇನ್ನೇನು?
ಕುಣಿಯಲಾರದವರು ಆಡುವ ಮಾತನ್ನು
ಕುಣಿದೇ ಸವೆದವಳು ಆಡಿದ್ದಳು.
ಗೋಚಾ ರಸಮಟ್ಟ ತಂದಿಟ್ಟ.
ಗುಳ್ಳೆ ಮೆಲ್ಲಗೆ ಎಡಕ್ಕೆ ಸರಿದು ನಿಂತಿತು.
ಸಿಪ್ಪೆ ಉಗಿದ. ಹಲಗೆಚೂರು ಕೊಟ್ಟು ಎತ್ತರಿಸಿದ.
ಅವತ್ತಿನಿಂದ ಉಪ್ಪು ಹದಕ್ಕೆ ಬಂತು.

ಆದರೆ 'ಕಟ್' ಅನ್ನುವುದು ಅವಳಿಗೆ ಬರಲೇ ಇಲ್ಲ.
ಎರ್ತಿ, ಓರಿ, ಸಾಮಿ... ತುಟಿಯಲ್ಲೇ ಎಣಿಸುತ್ತ ಕೂತಿರುವಳು.
ನಟಿ ಮಾತು ಮುಗಿಸಿ, ಅಳು ಮುಗಿಸಿ, ಮೂಗೊರೆಸಿ
ಇನ್ನೇನು ಮಾಡಲಿ ಅಂತ ಪಿಳಿಪಿಳಿ ನೋಡಬೇಕು,
ಆ ನೋಟವೇ ಬೇಕಿತ್ತಂತೆ!
ದುಡ್ಡು ಹಾಕಿದ ಬತುಮಿಯ ಹೋಟೆಲಿನವನು ಹಣೆ ಚಚ್ಚಿಕೊಂಡ.

ಏಳನೆಯ ದಿನ. ವಿಧವೆ ಬಾಗಿಲಿಂದ ಮೇಜಿನವರೆಗೆ ನಡೆಯಬೇಕು.
ಅಷ್ಟೇ ದೃಶ್ಯ.
ಲಿಲೆ, ಎಟೆರಿಯದೇ ಶಿಷ್ಯೆ, ಕಪ್ಪು ಉದ್ದಂಗಿಯಲ್ಲಿ ತೇಲಿ ಬಂದಳು.
"ಸುಳ್ಳು."
ಮತ್ತೆ ತೇಲಿದಳು. "ಸುಳ್ಳು." ಹತ್ತೊಂಬತ್ತು ಸಲ.
"ನೀವೇ ಕಲಿಸಿದ್ದಲ್ಲವಾ!" ಹುಡುಗಿ ಬಿಕ್ಕಿದಳು.
ಎಟೆರಿ ಅವಳ ಜೋಡು ಕಳಚಿಸಿದಳು. ನನ್ನ ಕಡೆ ತಿರುಗಿ
"ದೋದೋ, ನಾಲ್ಕು ಬೆರಳು ಕತ್ತರಿಸು."

ಕತ್ತರಿ ಹಿಡಿದು ಮಂಡಿಯೂರಿದೆ. ಕೈ ಏಳಲಿಲ್ಲ.
ಒತಾರ್ ಮಾಸ್ತರು ಬದುಕಿದ್ದರೆ ಕೋಲು ತೆಗೆಯುತ್ತಿದ್ದರು:
ಪಾದ ತೋರಿಸುವುದೂ ಒಂದೇ,
ಮನೆಯ ಗುಟ್ಟು ಬೀದಿಗೆ ಚೆಲ್ಲುವುದೂ ಒಂದೇ.
ಕರಕರ ಅಂದಿತು ಬಟ್ಟೆ.
ಕ್ಯಾಮೆರಾ ನೆಲಕ್ಕಿಳಿಯಿತು, ಗೋಚಾ ಹೊಟ್ಟೆ ಅಡಿ ಮಾಡಿ ಮಲಗಿದ.

ಹುಡುಗಿ ನಡೆದಳು.
ಒಡೆದ ಹಿಮ್ಮಡಿ, ಕಪ್ಪಾದ ಉಗುರು, ಗೆಣ್ಣು ಸೊಟ್ಟಗಾದ ಬೆರಳು,
ಅವಸರದ ಪುಟ್ಟಪುಟ್ಟ ಹೆಜ್ಜೆ,
ಇಲಿಯ ಹಾಗೆ, ತಲೆತಪ್ಪಿಸಿಕೊಂಡ ಸಾಲಗಾರನ ಹಾಗೆ. ದೇವರೇ,
ಹಂಸ ಅಂದರೆ ಇದಾ?

ಮೇಜು ಮುಟ್ಟಿ ನಿಂತಳು.
ಯಾರೂ ಉಸಿರೆತ್ತಲಿಲ್ಲ. ಎಟೆರಿ ಎಣಿಸುತ್ತಿದ್ದಳು.
ಕುರ್ಚಿಯ ಅಡಿಯಲ್ಲಿ, ಗಂಡಸರ ಪ್ಯಾಂಟಿನ ಕೆಳಗೆ
ಅವಳ ಬರಿಗಾಲನ್ನು ನಾನು ಮೊದಲ ಸಲ ನೋಡಿದೆ:
ಹಾಗೇ, ಪುಟ್ಟಪುಟ್ಟಗೆ, ನೆಲ ತುಳಿಯುತ್ತಿದ್ದವು.

ಎಷ್ಟು ಹೊತ್ತಾಯಿತೋ. ಕೊನೆಗೆ ಗೋಚಾನೇ ನೆಲದಿಂದ
"ಅಮ್ಮಾವ್ರೇ, ರೀಲು ಮುಗೀತು" ಅಂದ.

ಆ ನಾಲ್ಕು ಬೆರಳಗಲದ ಪಟ್ಟಿ ನನ್ನ ಹತ್ತಿರ ಇದೆ.
ಮೆಷಿನ್ನಿನ ಎಣ್ಣೆ ಒರೆಸಲು ಒಳ್ಳೆಯ ಬಟ್ಟೆ.
ಇನ್ನೂ ಒರೆಸಿಲ್ಲ.